ಅಪ್ಪ-ಅಮ್ಮಂದಿರ ಕಿವಿಯಲ್ಲಿ ಕೂತು ಕಲಿಸುವ ಕಿವಿಯಕ್ಕ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಟೈಲರ್ ಅಂಗಡಿಯ ಶಟರ್ ಅರ್ಧಕ್ಕೆ ಎದ್ದು ನಿಂತಿದೆ. ಅದರಡಿಯಿಂದ ನುಸುಳಿದ ಬೆಳಕು ನೆಲದ ಮೇಲಿನ ದಾರದ ತುಣುಕುಗಳ ತನಕ ಬಂದಿದೆ, ಮುಂದೆ ಹೋಗಿಲ್ಲ. ಹೊಲಿಗೆ ಯಂತ್ರದ ಹಿಂದೆ ಒಂದು ನೀಲಿ ಪರದೆ, ಪರದೆಯ ಹಿಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಐವತ್ತೆರಡು ವರ್ಷದ ಹೆಂಗಸು. ತಲೆಗೆ ಹೆಡ್‌ಫೋನು. ಅದರ ಬಲಗಡೆಯ ಸ್ಪಂಜು ಕಿತ್ತುಹೋಗಿ, ಅಲ್ಲಿಗೆ ಕೋಟಿನ ಒಳಬಟ್ಟೆಯ ತುಂಡೊಂದನ್ನು ಅಚ್ಚುಕಟ್ಟಾಗಿ ಹೊಲಿದಿದ್ದಾರೆ. ಎದುರಿಗೆ ಇಸ್ತ್ರಿಪೆಟ್ಟಿಗೆಗೆ ಒರಗಿಸಿ ನಿಲ್ಲಿಸಿದ ಫೋನು.

ಫೋನಿನೊಳಗೆ, ಊರಿನ ಇನ್ನೊಂದು ತುದಿಯ ಮೂರನೇ ಮಹಡಿಯ ಮನೆಯಲ್ಲಿ, ಯುದ್ಧ ನಡೆಯುತ್ತಿದೆ. ನಾಲ್ಕು ವರ್ಷದ ಹುಡುಗಿಯೊಬ್ಬಳು ನೆಲದ ಮೇಲೆ ಅಂಗಾತ ಬಿದ್ದು ಕಿರುಚುತ್ತಿದ್ದಾಳೆ. ಒಂದು ಕಾಲಿನಲ್ಲಿ ಶೂ ಇದೆ. ಇನ್ನೊಂದು ಶೂ ಈಗಷ್ಟೇ ಗೋಡೆಗೆ ಬಡಿದು ನೀರಿನ ಬಾಟಲಿಯನ್ನು ಕೆಡವಿದೆ. ಖಾಕಿ ಅಂಗಿ ತೊಟ್ಟ ತಾಯಿ ಗಡಿಯಾರ ನೋಡುತ್ತಾರೆ, ಶೂ ನೋಡುತ್ತಾರೆ, ಮಗಳನ್ನು ನೋಡುತ್ತಾರೆ. ಬಾಯಿ ತೆರೆಯುವುದರಲ್ಲಿದ್ದಾರೆ.

"ಆ ಶೂ ಎತ್ಕೋಬೇಡಿ," ಸ್ಟೂಲಿನ ಮೇಲಿನ ಹೆಂಗಸು ಪಿಸುಗುಡುತ್ತಾರೆ. "ಕಾಲಲ್ಲಿರೋ ಶೂ ನೋಡಿ. ಅದರ ಬಗ್ಗೆ ಮಾತ್ರ ಮಾತಾಡಿ. ನಿಧಾನ."

ತಾಯಿಯ ಎಡಗಿವಿಯಲ್ಲಿ ಒಂದು ಇಯರ್‌ಫೋನ್ ಇದೆ, ಕೂದಲಿನ ಮರೆಯಲ್ಲಿ. ಅವರು ಪಾಠ ಒಪ್ಪಿಸುವವರ ಹಾಗೆ ಹೇಳುತ್ತಾರೆ: ಒಂದು ಶೂ ನೀನೇ ಹಾಕಿಕೊಂಡಿದ್ದೀಯ, ಪಟ್ಟಿ ಕೂಡ ನೀನೇ ಅಂಟಿಸಿದ್ದೀಯ. ಕಿರುಚಾಟ ನಿಲ್ಲುವುದಿಲ್ಲ, ಆದರೆ ಹುಡುಗಿ ಕತ್ತೆತ್ತಿ ತನ್ನ ಕಾಲನ್ನೊಮ್ಮೆ ನೋಡಿಕೊಳ್ಳುತ್ತಾಳೆ. ಇತ್ತ ಸ್ಟೂಲಿನ ಪಕ್ಕದ ಸ್ಟೀಲ್ ಬಟ್ಟಲಿಗೆ ಒಂದು ಬಿಳಿ ಗುಂಡಿ ಟಣ್ಣೆಂದು ಬೀಳುತ್ತದೆ.

ಇದು ಪತ್ರಿಕೆಗೆ ಬರೆಯಲೆಂದು ನಾನು ಅವರ ಕೆಲಸ ನೋಡಲು ಹೋದ ಮೊದಲ ಬೆಳಿಗ್ಗೆ. ಅವರನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಾರೆ. ಎರಡರಿಂದ ಆರು ವರ್ಷದ ಮಕ್ಕಳು ಹೊಡೆಯುತ್ತಾರೆ, ಕಚ್ಚುತ್ತಾರೆ, ಸಿಕ್ಕಿದ್ದನ್ನು ಎಸೆಯುತ್ತಾರೆ, ಹೇಳಿದ ಒಂದು ಮಾತೂ ಕೇಳುವುದಿಲ್ಲ ಎಂದು ತಲೆಯ ಮೇಲೆ ಕೈ ಹೊತ್ತು ಕೂತ ಅಪ್ಪ-ಅಮ್ಮಂದಿರಿಗೆ ಫೋನಿನ ಮೂಲಕ ತರಬೇತಿ ಕೊಡುವುದು ಅವರ ಕೆಲಸ. ಮಕ್ಕಳ ಮನೋವೈದ್ಯೆಯೊಬ್ಬರು ನಡೆಸುವ ಹನ್ನೆರಡು ವಾರಗಳ ಪಾಠ ಅದು. ವೈದ್ಯೆಯ ಹೆಸರು ಫಲಕದ ಮೇಲಿದೆ, ಭಾಷಣಕ್ಕೂ ಅವರನ್ನೇ ಕರೆಯುತ್ತಾರೆ. ಮನೆಮನೆಯ ಕಿರುಚಾಟದೊಳಗೆ ದಿನಾ ಬೆಳಿಗ್ಗೆ ಇಳಿಯುವುದು ಮಾತ್ರ ಪರದೆಯ ಹಿಂದಿನ ಈ ಸ್ಟೂಲು.

ಬೇರೆ ತರಬೇತುದಾರರು ಸಂಜೆ ಹೊತ್ತು, ಮಗು ಹಾಲು ಕುಡಿದು ಸಮಾಧಾನವಾಗಿರುವಾಗ ಕರೆ ಮಾಡುತ್ತಾರಂತೆ. ಕಿವಿಯಕ್ಕನದು ಉಲ್ಟಾ ಲೆಕ್ಕ. ಮನೆಯಲ್ಲಿ ಜಗಳ ಎಷ್ಟು ಗಂಟೆಗೆ ಎಂದು ಮೊದಲು ಕೇಳುತ್ತಾರೆ. ಅದೇ ಗಂಟೆಗೆ ಕರೆ. ಹಲ್ಲುಜ್ಜುವಾಗ ಜಗಳವಾದರೆ ಬಚ್ಚಲಿನ ಕಪಾಟಿನ ಮೇಲೆ ಫೋನಿಡಬೇಕು. ಮೊಟ್ಟೆ ತಿನ್ನುವಾಗ ಜಗಳವಾದರೆ ಊಟದ ಮೇಜಿನ ಮೇಲೆ. "ಮಗು ನಗ್ತಾ ಇರೋವಾಗ ನಾನು ಹೋಗಿ ಏನು ಮಾಡ್ಲಿ?" ಎನ್ನುತ್ತಾರೆ. "ಅಡುಗೆ ಸೀಯುವಾಗ ಅಡುಗೆಮನೇಲಿರ್ಬೇಕು."

ಶೂ ಎಸೆದ ಹುಡುಗಿಯನ್ನು ಕಿವಿಯಕ್ಕ ಚಿನಕುರಳಿ ಎನ್ನುತ್ತಾರೆ. ತಾಯಿಯನ್ನು ಡ್ರೈವರಮ್ಮ ಎನ್ನುತ್ತಾರೆ, ಏಕೆಂದರೆ ಅವರು ಸಿಟಿ ಬಸ್ ಓಡಿಸುತ್ತಾರೆ. ತಂದೆ ಸರಕಿನ ಲಾರಿಯ ಮೇಲೆ ತಿಂಗಳಿಗೆ ಇಪ್ಪತ್ತು ದಿನ ಊರಾಚೆ. ಮನೆಯಲ್ಲಿರುವ ಅಜ್ಜಿಗೆ ಕಣ್ಣು ಮಂಜು. ಏಳು ಗಂಟೆಗೆ ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು ಏಳೂವರೆಗೆ ಡಿಪೋದಲ್ಲಿ ಹಾಜರಿ ಹಾಕಬೇಕು. ಆದರೆ ಚಿನಕುರಳಿ ಶಿಶುವಿಹಾರದಲ್ಲಿ ವಾರಕ್ಕೆ ಒಂಬತ್ತು ಸಲ ಯಾರನ್ನಾದರೂ ಕಚ್ಚುತ್ತಾಳೆ. ಅಲ್ಲಿಯ ಹಿರಿಯ ಟೀಚರ್ ಎರಡು ಸಲ ಕರೆಸಿ ಮಾತಾಡಿದ್ದಾರೆ. ಸೀಟು ಹೋದರೆ ಮಗುವನ್ನು ನೋಡಿಕೊಳ್ಳುವವರಿಲ್ಲ, ಡ್ರೈವರಮ್ಮ ಸ್ಟೇರಿಂಗ್ ಬಿಟ್ಟು ಮನೆಯಲ್ಲಿ ಕೂರಬೇಕು. ಆ ಸ್ಟೇರಿಂಗ್ ಹಿಡಿಯಲು ಆಕೆ ಏಳು ವರ್ಷ ಡಿಪೋದಲ್ಲಿ ಬಸ್ಸು ತೊಳೆದವರು. ಸುಮ್ಮನೆ ಬಿಟ್ಟುಕೊಡುವ ಪೈಕಿ ಅಲ್ಲ.

ಅರ್ಧ ಗಂಟೆ ಮುಗಿದ ಮೇಲೆ ಕಿವಿಯಕ್ಕ ಬಟ್ಟಲುಗಳನ್ನು ನನ್ನ ಮುಂದಿಡುತ್ತಾರೆ. ಎರಡು ಬಟ್ಟಲು, ಎರಡು ಬಣ್ಣದ ಗುಂಡಿ. ತಾಯಿ ಆಜ್ಞೆ ಮಾಡಿದರೆ, ಪ್ರಶ್ನೆ ಕೇಳಿದರೆ, ಬೇಡ ಎಂದರೆ, ಬೈದರೆ ಕಪ್ಪು. ಮಗು ಮಾಡುತ್ತಿರುವ ಒಳ್ಳೆಯದನ್ನು ಕಂಡು, ಕಂಡದ್ದನ್ನು ಬಿಡಿಸಿ ಹೇಳಿದರೆ ಬಿಳಿ. ಬರೀ ಶಹಬ್ಬಾಸ್ ಎಂದರೆ ಬಿಳಿ ಬೀಳುವುದಿಲ್ಲ. ಯಾವುದಕ್ಕೆ ಶಹಬ್ಬಾಸ್ ಎಂದು ಮಗುವಿಗೆ ತಿಳಿಯಬೇಕು. ಅಂದು ಕಪ್ಪು ಹತ್ತೊಂಬತ್ತು, ಬಿಳಿ ಮೂರು. ನಾನು ಅಯ್ಯೋ ಪಾಪ ಎಂಬ ಮುಖ ಮಾಡಿದೆ. ಹೋದ ವಾರ ಬಿಳಿ ಬಟ್ಟಲು ಖಾಲಿ ಇತ್ತು ಎಂದು ಅವರು ಹೆಮ್ಮೆಯಿಂದ ಹೇಳಿದರು.

ಇಷ್ಟು ಸುಲಭದ್ದಕ್ಕೆ ಹನ್ನೆರಡು ವಾರ ಯಾಕೆ ಎಂದು ನನಗೆ ಒಳಗೊಳಗೇ ಅನಿಸಿತು. ಬಾಯಿಬಿಟ್ಟು ಹೇಳಿಯೂಬಿಟ್ಟೆ. ಕಿವಿಯಕ್ಕ ವಾದಕ್ಕೆ ಬರಲಿಲ್ಲ. ಮನೆಯಲ್ಲಿ ಮಗು ಇದೆಯಾ ಎಂದು ಕೇಳಿದರು. ಆರು ವರ್ಷದ ಮಗಳಿದ್ದಾಳೆ ಎಂದೆ. ಅವಳ ಜೊತೆ ಐದು ನಿಮಿಷ ಆಡಿ, ಆಟದ ಯಜಮಾನಿಕೆ ಅವಳದೇ ಇರಲಿ, ನೀವು ಏನನ್ನೂ ಹೇಳಿಕೊಡಬೇಡಿ, ಕೇಳಬೇಡಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ ಎಂದರು.

ಮುಂದಿನ ವಾರ ಆ ರೆಕಾರ್ಡಿಂಗ್ ಹಿಡಿದು ಹೋದೆ. ಐದು ನಿಮಿಷ ಕೇಳಿಸಿಕೊಂಡು ಬಟ್ಟಲು ತೋರಿಸಿದರು: ಕಪ್ಪು ಮೂವತ್ತೊಂದು, ಬಿಳಿ ಎರಡು. ಆ ಎರಡರಲ್ಲಿ ಒಂದು ಅನುಮಾನದ್ದು, ನೀವು ಬೇರೆ ಊರಿಂದ ಬಂದವರು ಅಂತ ಹಾಕಿದ್ದೇನೆ ಎಂದರು. ಮಗಳು ನೀಲಿ ಬೆಕ್ಕು ಬರೆಯುತ್ತಿದ್ದಳು. ಇದೇನು ಎಂದು ನಾನು ಕೇಳಿದ್ದೆ. ಬೆಕ್ಕು ನೀಲಿ ಇರುತ್ತದಾ ಎಂದು ಕೇಳಿದ್ದೆ. ಬಾಲ ಎಲ್ಲಿ, ಕಾಲು ಮೂರೇ ಯಾಕೆ, ಹಾಗಲ್ಲ ಹೀಗೆ, ಕೊಡು ಇಲ್ಲಿ ಎಂದಿದ್ದೆ. ನಾಲ್ಕನೇ ನಿಮಿಷಕ್ಕೆ ಮಗಳು, ನೀನೇ ಬರಿ ಎಂದು ಪೆನ್ಸಿಲ್ ಕೊಟ್ಟು ಎದ್ದುಹೋಗಿದ್ದಳು. ಎರಡು ದಶಕ ಜನರನ್ನು ಮಾತಾಡಿಸಿ ಹೊಟ್ಟೆ ಹೊರೆದವನಿಗೆ ಸ್ವಂತ ಮಗಳ ಎದುರು ಐದು ನಿಮಿಷ ಬಾಯಿ ಮುಚ್ಚಲು ಬರುವುದಿಲ್ಲ ಎಂದು ಒಂದು ಗುಂಡಿಯ ಬಟ್ಟಲು ಹೇಳಿತು. ಅಂದಿನಿಂದ ನಾನು ಹನ್ನೆರಡು ವಾರದ ಬಗ್ಗೆ ಸೊಲ್ಲೆತ್ತಿಲ್ಲ.

ಪ್ರಶ್ನೆ ಕೇಳಿದರೆ ತಪ್ಪೇನು ಎಂಬ ನನ್ನ ತಕರಾರಿಗೆ ಅವರಲ್ಲಿ ಉತ್ತರ ಸಿದ್ಧವಿದೆ. "ನೀವು ಆಫೀಸಲ್ಲಿ ಬರೀತಾ ಕೂತಿರ್ತೀರಿ. ಒಬ್ಬರು ಪಕ್ಕದಲ್ಲಿ ಕೂತು ಇದೇನು, ಇದ್ಯಾಕೆ, ಹೀಗ್ಯಾಕೆ ಅಂತ ನಿಮಿಷಕ್ಕೆ ಆರು ಸಲ ಕೇಳಿದ್ರೆ ನೀವೇನು ಮಾಡ್ತೀರಿ? ನೀವು ಕಚ್ಚಲ್ಲ, ದೊಡ್ಡವರು. ಮಗು ಕಚ್ಚುತ್ತೆ."

ಕಿವಿಯಕ್ಕ ಹತ್ತನೇ ತರಗತಿಯವರೆಗೆ ಓದಿದವರು. ಹತ್ತೊಂಬತ್ತು ವರ್ಷ ಒಂದು ಶಿಶುವಿಹಾರದಲ್ಲಿ ಆಯಾ ಆಗಿದ್ದರು. ನೆಲ ಒರೆಸುವುದು, ಮೂಗು ಒರೆಸುವುದು, ಬಟ್ಟೆ ಒದ್ದೆ ಮಾಡಿಕೊಂಡವರನ್ನು ತೊಳೆಯುವುದು. ಬೆನ್ನಿನ ಡಿಸ್ಕ್ ಸರಿದು ಇನ್ನು ಮಕ್ಕಳನ್ನು ಎತ್ತಬಾರದು ಎಂದು ಆಸ್ಪತ್ರೆಯವರು ಹೇಳಿದ ದಿನ ಕೆಲಸ ಹೋಯಿತು. ಆ ಶಿಶುವಿಹಾರಕ್ಕೆ ಬರುತ್ತಿದ್ದ ಇದೇ ಮನೋವೈದ್ಯೆ ಡಾಕ್ಟರಮ್ಮನಿಗೆ ಒಂದು ವಿಷಯ ಗೊತ್ತಿತ್ತು: ಟೀಚರಿಗೂ ಬಗ್ಗದ ಮಕ್ಕಳು ಈ ಆಯಾ ನೆಲ ಒರೆಸುವಾಗ ಹಿಂದೆಯೇ ಸುತ್ತುತ್ತಿದ್ದವು. ಅವರು ಕರೆದು ಒಂದು ವರ್ಷ ತರಬೇತಿ ಕೊಟ್ಟರು. ಮಕ್ಕಳನ್ನು ಎತ್ತುವುದೇ ಬೇಡ, ಮಾತಾಡಿ ಸಾಕು ಎಂದರು.

ತರಬೇತಿಯ ಮೊದಲ ತಿಂಗಳು ಅವರು ದಿನಾ ಅಳುತ್ತಿದ್ದರು ಎಂದು ಈ ಅಂಗಡಿಯ ಟೈಲರ್ ಆಗಿರುವ ಗಂಡ ಹೇಳುತ್ತಾರೆ. ಕಷ್ಟವಾಗಿ ಅಲ್ಲ. ಅವರ ಮಗಳು ಈಗ ದೊಡ್ಡವಳು, ಬೇರೆ ಊರಿನಲ್ಲಿ ನರ್ಸ್. ಚಿಕ್ಕವಳಿದ್ದಾಗ ಮಹಾ ಹಟಮಾರಿ. ಹಗಲಿಡೀ ಊರವರ ಮಕ್ಕಳ ಜೊತೆ ತಾಳ್ಮೆ ಖರ್ಚು ಮಾಡಿ ಬಂದ ತಾಯಿ, ಮನೆಯಲ್ಲಿ ಗಂಡನ ಅಳತೆಯ ಕೋಲು ತೆಗೆದುಕೊಳ್ಳುತ್ತಿದ್ದರು. ಪಾಠ ಕಲಿಯುತ್ತಿದ್ದ ದಿನಗಳಲ್ಲಿ ಒಮ್ಮೆ ಮಗಳು ರಜೆಗೆ ಬಂದು, ಪರದೆಯ ಆಚೆ ಕೂತು, ಅಮ್ಮ ಯಾರಿಗೋ ಮೆತ್ತಗೆ ಹೇಳಿಕೊಡುವುದನ್ನೆಲ್ಲ ಕೇಳಿಸಿಕೊಂಡಳು.

"ಅಮ್ಮಾ, ಇದು ನಿಂಗೆ ಆಗ ಗೊತ್ತಿರ್ಲಿಲ್ವಾ, ಅಂತ ಕೇಳಿದ್ಳು," ಎನ್ನುತ್ತಾರೆ ಕಿವಿಯಕ್ಕ. "ಇಲ್ಲ ಮಗಳೇ, ಗೊತ್ತಿರ್ಲಿಲ್ಲ ಅಂದೆ. ತಪ್ಪಾಯ್ತು ಅಂದೆ. ಅವಳು ಅಷ್ಟಕ್ಕೇ ಬಿಟ್ಟಳು. ನನಗೆ ಇವತ್ತಿಗೂ ಬಿಡೋಕಾಗಿಲ್ಲ." ಹೇಳಿ ಮುಗಿಸಿ ಕನ್ನಡಕ ಒರೆಸುತ್ತಾರೆ. ಕೈ ಎತ್ತಿದ ಅಪ್ಪ-ಅಮ್ಮಂದಿರನ್ನು ಇವರು ಯಾಕೆ ಕೀಳಾಗಿ ನೋಡುವುದಿಲ್ಲ ಎಂದು ಅರ್ಥವಾಗಿ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಆರು ವರ್ಷದಲ್ಲಿ ಮುನ್ನೂರ ಹನ್ನೆರಡು ಮನೆಗಳಾಗಿವೆ. ದಿನಕ್ಕೆ ಏಳು ಮನೆ, ಅದರಲ್ಲಿ ನಾಲ್ಕು ಬೆಳಿಗ್ಗೆ ಐದೂಮುಕ್ಕಾಲರಿಂದ ಎಂಟೂವರೆಯೊಳಗೆ. ಬೇಕರಿಯವರು, ಆಸ್ಪತ್ರೆಯವರು, ಕಾರ್ಖಾನೆಯ ಮೊದಲ ಪಾಳಿಯವರು, ಹೀಗೆ ಬೇಗ ಏಳುವವರೇ ಹೆಚ್ಚು. ಎಲ್ಲವೂ ಗೆದ್ದಿಲ್ಲ. ಹತ್ತು ಮನೆಯಲ್ಲಿ ಮೂರು ಮನೆಯವರು ನಾಲ್ಕನೇ ವಾರದೊಳಗೆ ಕಾಲಿಗೆ ಬುದ್ಧಿ ಹೇಳುತ್ತಾರೆ. ಮಗುವನ್ನು ರಿಪೇರಿ ಮಾಡಿಕೊಡಿ ಎಂದು ಬಂದವರು, ಪಾಠ ತಮಗೆ ಎಂದು ತಿಳಿದ ಕೂಡಲೇ ಮುಖ ಸಣ್ಣ ಮಾಡುತ್ತಾರೆ. ಒಬ್ಬ ಅಪ್ಪ, ನಾನು ಮ್ಯಾನೇಜರು, ಅರವತ್ತು ಜನರನ್ನು ಸಂಭಾಳಿಸುತ್ತೇನೆ ಎಂದರಂತೆ. ಆ ಅರವತ್ತು ಜನ ಶೂ ತಾವೇ ಹಾಕಿಕೊಂಡು ಬರುತ್ತಾರಲ್ಲ ಎಂದು ಕಿವಿಯಕ್ಕ ಮನಸ್ಸಿನಲ್ಲೇ ಅಂದುಕೊಂಡರಂತೆ.

ಬೆಳಗಿನ ಪಾಠದ ಹೊತ್ತಿನಲ್ಲಿ ಗಂಡನ ಹೊಲಿಗೆ ಯಂತ್ರ ಬಂದ್. ಪಿಸುಮಾತಿನ ಕೆಲಸಕ್ಕೆ ಯಂತ್ರದ ಸದ್ದು ಆಗಿಬರುವುದಿಲ್ಲ. ಆದ್ದರಿಂದ ಟೈಲರ್ ಯಜಮಾನರು ಎಂಟೂವರೆಯವರೆಗೆ ಕೈಹೊಲಿಗೆಯನ್ನಷ್ಟೇ ಮಾಡುತ್ತಾರೆ: ಕಾಜಾ, ಅಂಚು, ಗುಂಡಿ. ಮೊದಮೊದಲು ಗೊಣಗಿದವರು ಈಗ ಅರ್ಧ ಪಾಠ ಕಲಿತುಬಿಟ್ಟಿದ್ದಾರೆ. ಅಳತೆ ಕೊಡಲು ಬಂದ ಗಿರಾಕಿಗೆ, ಕೈ ಎಷ್ಟು ನೇರವಾಗಿ ಚಾಚಿದಿರಿ ಎಂದು ಬಿಡಿಸಿ ಹೊಗಳುತ್ತಾರಂತೆ. ಗಿರಾಕಿಗಳಿಗೆ ಖುಷಿಯೋ ಗಾಬರಿಯೋ ಇನ್ನೂ ತೀರ್ಮಾನವಾಗಿಲ್ಲ.

ನಾಲ್ಕನೇ ವಾರಕ್ಕೆ ಡ್ರೈವರಮ್ಮನ ಕಪ್ಪು ಗುಂಡಿ ಒಂಬತ್ತಕ್ಕೆ ಇಳಿದು ಬಿಳಿ ಹನ್ನೊಂದಕ್ಕೆ ಏರಿತ್ತು. ಚಿನಕುರಳಿಯ ಕಚ್ಚಾಟ ವಾರಕ್ಕೆ ಐದು. ಎಲ್ಲ ಸರಿಯಾಗುತ್ತಿದೆ ಎನ್ನುವಾಗ ಐದನೇ ವಾರದ ಮಂಗಳವಾರ ಬಂತು.

ನಾನು ಅಂದು ಅಲ್ಲೇ ಇದ್ದೆ. ಅಂದಿನ ಪಾಠ, ಸಣ್ಣ ಪುಟ್ಟ ರಂಪಕ್ಕೆ ಲಕ್ಷ್ಯ ಕೊಡದಿರುವುದು. ಮಗು ನಮ್ಮನ್ನು ಕೆರಳಿಸಲೆಂದೇ ಕಿರುಚುವಾಗ ಮುಖ ತಿರುಗಿಸಬೇಕು, ನಿಲ್ಲಿಸಿದ ಕ್ಷಣವೇ ತಿರುಗಿ ಮಾತಾಡಿಸಬೇಕು. ಎರಡನೆಯದಿಲ್ಲದೆ ಮೊದಲನೆಯದು ಬರೀ ನಿಷ್ಠುರ ಎಂದು ಕಿವಿಯಕ್ಕ ಹತ್ತು ಸಲ ಹೇಳಿದ್ದರು. ಚಿನಕುರಳಿ ಅಮ್ಮನ ಅಂಗಿ ಜಗ್ಗುತ್ತಾ ಕಿರುಚುತ್ತಿದ್ದಳು. ಜಗ್ಗಾಟದಲ್ಲಿ ಇಯರ್‌ಫೋನಿನ ತಂತಿ ಫೋನಿನಿಂದ ಕಿತ್ತುಬಂತು. ಕಿವಿಯಕ್ಕನಿಗೆ ಅದು ಕಾಣಲಿಲ್ಲ. ಅವರು ಎಂದಿನಂತೆ ಪಿಸುಗುಟ್ಟಿದರು, ಮತ್ತು ಆ ಪಿಸುಮಾತು ಸ್ಪೀಕರಿನಿಂದ ಇಡೀ ಕೋಣೆಗೆ ಕೇಳಿಸಿತು.

"ಅವಳ ಕಡೆ ನೋಡ್ಬೇಡಿ. ಮುಖ ತಿರುಗಿಸಿ. ಮಾತಾಡಿಸ್ಬೇಡಿ."

ಕಿರುಚಾಟ ತಟ್ಟನೆ ನಿಂತಿತು. ಹುಡುಗಿ ಕೋಣೆಯನ್ನೆಲ್ಲ ನೋಡಿದಳು, ಫೋನು ನೋಡಿದಳು, ಅಮ್ಮನನ್ನು ನೋಡಿದಳು. ಅಮ್ಮಾ, ನನ್ನ ನೋಡಬೇಡ ಅಂತ ನಿಂಗೆ ಯಾರು ಹೇಳ್ತಿರೋದು ಎಂದು ಕೇಳಿದಳು. ಆ ದನಿಯಲ್ಲಿ ಹಟ ಇರಲಿಲ್ಲ. ಮಗು ಮೇಜಿನ ಕೆಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಿತು. ಕರೆ ಕಡಿದುಹೋಯಿತು. ಪರದೆಯ ಈಚೆ ಕಿವಿಯಕ್ಕ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡರು. ಟೈಲರ್ ಯಜಮಾನರು ಸೂಜಿ ಕೆಳಗಿಟ್ಟು ಚಹಾ ತಂದುಕೊಟ್ಟರು, ಆರಿಹೋಯಿತು.

ಆ ವಾರ ಶಿಶುವಿಹಾರದಲ್ಲಿ ಎಂಟು ಸಲ ಕಚ್ಚಾಟ. ಒಂದು ಮಗುವಿನ ತೋಳಿನಲ್ಲಿ ಹಲ್ಲಿನ ಗುರುತು ನೀಲಿಗಟ್ಟಿತು. ಹಿರಿಯ ಟೀಚರ್ ಈ ಸಲ ಕಾಗದದಲ್ಲೇ ಬರೆದುಕೊಟ್ಟರು: ಈ ಅವಧಿ ಮುಗಿಯಲು ಆರು ವಾರವಿದೆ, ಅಷ್ಟರಲ್ಲಿ ಕಚ್ಚುವುದು ನಿಲ್ಲದಿದ್ದರೆ ಮುಂದಿನ ಅವಧಿಗೆ ಸೀಟಿಲ್ಲ. ಡ್ರೈವರಮ್ಮ ಆ ಕಾಗದದ ಫೋಟೋ ಕಳಿಸಿದರು. ಕೆಳಗೆ ಒಂದೇ ಸಾಲು: ನಂಬಿಕೆ ಹೋಯ್ತು ಅಕ್ಕ. ಆಮೇಲೆ ಆರು ದಿನ ಫೋನು ಎತ್ತಲಿಲ್ಲ.

ಕಿವಿಯಕ್ಕ ನಡೆದದ್ದನ್ನು ಯಥಾವತ್ತು ಬರೆದು ಡಾಕ್ಟರಮ್ಮನಿಗೆ ಒಪ್ಪಿಸಿದರು. ತಂತಿ ಕಿತ್ತದ್ದು ಮಗು ಎಂದು ಬರೆಯಬಹುದಿತ್ತು. ಪಾಠ ಶುರುಮಾಡುವ ಮುಂಚೆ ತಂತಿ ಭದ್ರವಿದೆಯೇ ಎಂದು ನೋಡಿಸುವುದು ನನ್ನ ಕೆಲಸ, ಅಂದು ಮರೆತೆ ಎಂದು ಬರೆದರು. ಆ ಮನೆಯನ್ನು ಬೇರೆ ತರಬೇತುದಾರರಿಗೆ ವಹಿಸೋಣವೇ ಎಂದು ಡಾಕ್ಟರಮ್ಮ ಕೇಳಿದರು. ಇವರು ಒಂದು ವಾರ ಗಡುವು ಬೇಡಿದರು. ನನಗೋ, ಇದು ಕೈಬಿಟ್ಟು ಹೋದ ಹಾಗೆಯೇ ಎನಿಸಿತ್ತು. ಅವರಿಗೆ ಹಾಗನಿಸಿರಲಿಲ್ಲ. ಬೇಜಾರಿನಲ್ಲಿದ್ದರೇ ಹೊರತು ಎದೆಗುಂದಿರಲಿಲ್ಲ.

"ಕದ್ದು ಕಲಿಸ್ತಿದ್ದೆ ನೋಡಿ, ಅದೇ ತಪ್ಪು," ಎಂದರು ನನಗೆ. "ತಂತಿದೇನು ಬಿಡಿ, ಇವತ್ತಲ್ಲ ನಾಳೆ ಕಳಚೋದೇ. ಅವಳ ಮನೇಲಿ ಅವಳಿಗೇ ಗೊತ್ತಿಲ್ಲದೆ ನಾನಿದ್ದೆ. ದೊಡ್ಡವರ ಮನೆಗೆ ಹೀಗೆ ಹೋಗ್ತೀವಾ?"

ಏಳನೇ ದಿನ ಡ್ರೈವರಮ್ಮ ಫೋನು ಎತ್ತಿದರು. ಕಿವಿಯಕ್ಕ ಸಮಜಾಯಿಷಿ ಕೊಡಲಿಲ್ಲ. ನಿಮ್ಮ ಮಗಳ ಹತ್ತಿರ ಎರಡು ನಿಮಿಷ ಮಾತಾಡಬೇಕು, ನನ್ನ ಮುಖ ಅವಳಿಗೆ ಕಾಣಬೇಕು, ಆಮೇಲೂ ಬೇಡ ಅನಿಸಿದರೆ ಬಿಟ್ಟುಬಿಡಿ ಎಂದರು. ಆ ತಾಯಿಗೆ ಕಳೆದುಕೊಳ್ಳಲು ಇನ್ನೇನೂ ಉಳಿದಿರಲಿಲ್ಲ, ಒಪ್ಪಿದರು. ಅದುವರೆಗೆ ಪಾಠದ ಹೊತ್ತಿನಲ್ಲಿ ಇವರ ಕ್ಯಾಮರಾ ಸದಾ ಮುಚ್ಚಿರುತ್ತಿತ್ತು. ಅಂದು ಪರದೆ ಸರಿಸಿ, ಬೆಳಕಿಗೆ ಮುಖ ಕೊಟ್ಟು, ಕೂದಲು ಸರಿಮಾಡಿಕೊಂಡು ಕೂತರು. ಚಿನಕುರಳಿ ಮೇಜಿನ ಕಾಲು ಹಿಡಿದು ಅರ್ಧ ಮುಖವಷ್ಟೇ ತೋರಿಸಿದಳು.

ನಾನು ನಿಮ್ಮಮ್ಮನ ಟೀಚರ್ ಎಂದರು ಕಿವಿಯಕ್ಕ. ಅಮ್ಮನ ಕಿವಿಯಲ್ಲಿ ಮಾತಾಡುವುದು ನಾನೇ. ಮೊನ್ನೆ ನಾನು ಹೇಳಿದ ಮಾತು ಕೇಳಿ ನಿನಗೆ ಬೇಜಾರಾಯಿತು, ಅಮ್ಮನಿಗೆ ನಾನು ಸರಿಯಾಗಿ ಹೇಳಿಕೊಡಲಿಲ್ಲ, ತಪ್ಪು ನನ್ನದು, ಅಮ್ಮನದಲ್ಲ. ಹುಡುಗಿ ಮೇಜಿನ ಕಾಲನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. ನಾಲ್ಕು ವರ್ಷದವಳಿಗೆ ಕ್ಷಮಾಪಣೆ ದೊಡ್ಡ ವಿಷಯವಾಗಿರಲಿಲ್ಲ. ಅಮ್ಮನಿಗೊಬ್ಬರು ಟೀಚರ್ ಇದ್ದಾರೆ ಎಂಬುದೇ ದೊಡ್ಡ ಸುದ್ದಿ.

"ಅಮ್ಮಂಗೆ ಏನು ಬರಲ್ಲ?" ಎಂದು ಕೇಳಿದಳು.

"ನಿನ್ನ ಜೊತೆ ಆಡೋಕೆ ಬರಲ್ಲ. ಕಲೀತಿದ್ದಾಳೆ."

ಚಿನಕುರಳಿ ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಸ್ಸು ಓಡಿಸುವ ಅಮ್ಮ, ಯೂನಿಫಾರ್ಮ್ ಹಾಕುವ ಅಮ್ಮ, ಎಲ್ಲ ಗೊತ್ತಿರುವ ಅಮ್ಮ. ಆಟದ ಪೆಟ್ಟಿಗೆ ಎಳೆದು ತಂದು ನೆಲಕ್ಕೆ ಸುರಿದಳು. "ಬಾ, ನಾನು ಹೇಳ್ಕೊಡ್ತೀನಿ," ಎಂದಳು.

ಡ್ರೈವರಮ್ಮ ಖಾಕಿ ಪ್ಯಾಂಟಿನಲ್ಲೇ ನೆಲಕ್ಕೆ ಕೂತರು. ಈಚೆ ಕಿವಿಯಕ್ಕ ಒಂದು ಮಾತೂ ಆಡದೆ ಒಂದರ ಹಿಂದೆ ಒಂದು ಬಿಳಿ ಗುಂಡಿ ಹಾಕುತ್ತಿದ್ದರು. ನನ್ನ ಕಣ್ಣಲ್ಲಿ ನೀರಾಡಿತು ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ಅಮ್ಮನ ಕಿವಿಗೆ ಇಯರ್‌ಫೋನ್ ಸಿಕ್ಕಿಸುವುದು ಚಿನಕುರಳಿಯ ಜವಾಬ್ದಾರಿಯಾಯಿತು. ಒಮ್ಮೊಮ್ಮೆ ಬಲಗಿವಿಗೆ ಸಿಕ್ಕಿಸಿ, ಇಲ್ಲಿಯೂ ಕೇಳಿಸುತ್ತದಾ ಎಂದು ಪರೀಕ್ಷೆ ಮಾಡುತ್ತಾಳೆ. ಅಮ್ಮ ಇವತ್ತು ಎರಡು ಪ್ರಶ್ನೆ ಕೇಳಿದಳು ಎಂದು ಟೀಚರಿಗೆ ದೂರು ಕೊಡುತ್ತಾಳೆ. ಕಿವಿಯಕ್ಕ ಈಗ ಎಲ್ಲ ಮನೆಗಳಲ್ಲೂ ಮೊದಲ ದಿನವೇ ಕ್ಯಾಮರಾ ತೆರೆದು ಮಗುವಿಗೆ ತಮ್ಮ ಪರಿಚಯ ಹೇಳಿಕೊಳ್ಳುತ್ತಾರೆ. ಡಾಕ್ಟರಮ್ಮ ಅದನ್ನು ಪಾಠದ ಪುಸ್ತಕಕ್ಕೇ ಸೇರಿಸಿದ್ದಾರೆ, ಉಳಿದ ತರಬೇತುದಾರರೂ ಹಾಗೇ ಮಾಡುತ್ತಿದ್ದಾರೆ.

ಎಂಟನೇ ವಾರದಿಂದ ಪಾಠದ ಎರಡನೇ ಅರ್ಧ, ಅಂದರೆ ಹೇಳಿದ ಮಾತು ಕೇಳಿಸುವುದು. ಇಲ್ಲಿಯೂ ಕಲಿಯಬೇಕಾದ್ದು ದೊಡ್ಡವರೇ. ಒಂದು ಸಲಕ್ಕೆ ಒಂದೇ ಮಾತು. ಬೇಗ ಬೇಗ ಎನ್ನುವಂತಿಲ್ಲ, ಶೂ ಹಾಕಿಕೋ ಎನ್ನಬೇಕು. ಹಾಕಿಕೊಳ್ಳುತ್ತೀಯಾ ಎಂದು ಕೇಳಿದರೆ ಇಲ್ಲ ಎನ್ನುವ ಹಕ್ಕು ಮಗುವಿಗಿದೆ, ಕೇಳಲೇಬಾರದು. ಹೇಳಿ ಮನಸ್ಸಿನಲ್ಲೇ ಐದು ಎಣಿಸಬೇಕು. ಆ ಐದು ಎಣಿಸುವಷ್ಟರಲ್ಲಿ ಮತ್ತೆ ಬಾಯಿ ಹಾಕದವರು ಸಾವಿರಕ್ಕೊಬ್ಬರು ಎನ್ನುತ್ತಾರೆ ಕಿವಿಯಕ್ಕ. ಡ್ರೈವರಮ್ಮನಿಗೆ ಅದು ಬೇಗ ಒಗ್ಗಿತು. ಸಿಗ್ನಲ್ಲಿನಲ್ಲಿ ಹಾರನ್ ಹೊಡೆದರೆ ದೀಪ ಬೇಗ ಹಸಿರಾಗುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತಲ್ಲ, ಮನೆಯಲ್ಲಿ ಮಾತ್ರ ಯಾಕೆ ಹಾರನ್ ಹೊಡೆಯುತ್ತಿದ್ದೆನೋ ಎಂದು ಅವರೇ ಒಂದು ದಿನ ನಕ್ಕರು.

ಕಚ್ಚಾಟದ ಲೆಕ್ಕ ಆರು, ನಾಲ್ಕು, ಮತ್ತೆ ನಾಲ್ಕು, ಎರಡು, ಒಂದು ಎಂದು ಇಳಿಯುತ್ತಾ ಬಂತು. ನಾಲ್ಕರಲ್ಲೇ ಎರಡು ವಾರ ನಿಂತಾಗ ಡ್ರೈವರಮ್ಮ ಅತ್ತರು. ಕಿವಿಯಕ್ಕ ಅಳಲು ಬಿಟ್ಟರು, ಆಮೇಲೆ ಅಂದಿನ ಪಾಠ ಶುರು ಮಾಡಿದರು. ಹನ್ನೊಂದನೇ ವಾರ ಸೊನ್ನೆ. ಶುಕ್ರವಾರ ಹಿರಿಯ ಟೀಚರ್ ಕರೆಸಿದರು. ಈ ವಾರವೂ ಒಬ್ಬನನ್ನು ತಳ್ಳಿದ್ದಾಳೆ ಎಂದು ಶುರು ಮಾಡಿದರಂತೆ. ತಳ್ಳಿದವಳು ತಾನಾಗಿ ವಾಪಸ್ ಬಂದು, ಅವನ ಬಿದ್ದ ಗೋಪುರವನ್ನು ಮತ್ತೆ ಕಟ್ಟಿಕೊಟ್ಟಳು, ನೀನು ಕೆಳಗೆ ದೊಡ್ಡದು ಇಟ್ಟಿದ್ದೆ ಅಲ್ವಾ ಎಂದು ನೆನಪಿಸಿ ಕಟ್ಟಿಕೊಟ್ಟಳು ಎಂದರು ಟೀಚರ್. ಸೀಟು ಉಳಿಯಿತು. ಸುದ್ದಿ ಕೇಳಿದ ಕಿವಿಯಕ್ಕ ಗಂಡನಿಗೆ, ಯಂತ್ರ ಓಡಿಸಿ, ಇವತ್ತು ಎಷ್ಟು ಸದ್ದಾದರೂ ಆಗಲಿ ಎಂದರು.

ಇನ್ನುಳಿದದ್ದು ಒಂದೇ ಒಂದು ಪಾಠ, ಹನ್ನೆರಡನೇ ವಾರದ ಸೋಮವಾರದ್ದು. ಕೊನೆಯದನ್ನು ನೋಡದೆ ಬರೆಯುವುದು ಹೇಗೆಂದು ನಾನೂ ಹೋಗಿ ಕೂತೆ. ಆರು ಹತ್ತಕ್ಕೆ ಕಿವಿಯಕ್ಕ ಕರೆ ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಆರು ಹದಿನೈದಕ್ಕೆ ಮತ್ತೆ. ಆರೂ ಇಪ್ಪತ್ತೈದಕ್ಕೆ ಮೂರನೇ ಸಲ. ಆ ಆರು ದಿನಗಳ ಮೌನ ನನಗೆ ಮರೆತಿರಲಿಲ್ಲ. ಅವರಿಗೂ ಮರೆತಿರಲಿಲ್ಲ ಎಂಬುದು ಗುಂಡಿಯ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದ ಕೈ ನೋಡಿದರೆ ತಿಳಿಯುತ್ತಿತ್ತು. ಹೊತ್ತಾಯಿತೆಂದು ಮುಂದಿನ ಮನೆಗೆ ಹೋದರು. ಅಲ್ಲೊಬ್ಬ ಅಪ್ಪ ಹಲ್ಲುಜ್ಜಿಸುವ ಯುದ್ಧದಲ್ಲಿದ್ದ.

ಏಳೂ ಇಪ್ಪತ್ತೈದಕ್ಕೆ ಡ್ರೈವರಮ್ಮನ ಧ್ವನಿ ಸಂದೇಶ ಬಂತು. ಹಿನ್ನೆಲೆಯಲ್ಲಿ ಡಿಪೋದ ಬಸ್ಸುಗಳ ಗುರುಗುಟ್ಟು.

"ಅಯ್ಯೋ ಅಕ್ಕ, ತಪ್ಪಾಯ್ತು. ಇವತ್ತು ಪಾಠ ಇದೆ ಅನ್ನೋದೇ ತಲೆಗೆ ಬರ್ಲಿಲ್ಲ. ಶೂ ಹಾಕ್ಕೋ ಅಂದೆ, ಹಾಕ್ಕೊಂಡ್ಳು. ಬಾಗಿಲು ತೆಗೆದ್ವಿ, ಮಾತಾಡ್ತಾ ಹೊರಟೇಬಿಟ್ವಿ. ಫೋನು ಬ್ಯಾಗಲ್ಲೇ ಇತ್ತು. ಈಗ ಇಲ್ಲಿ ಬಂದು ನೋಡಿದ್ರೆ ನಿಮ್ಮದು ಮೂರು ಕಾಲ್."

ಕಿವಿಯಕ್ಕ ಅದನ್ನು ಎರಡು ಸಲ ಕೇಳಿದರು. ಗಂಡನನ್ನು ಕರೆದು ಅವರಿಗೂ ಕೇಳಿಸಿದರು. ಪಾಠದ ಹಾಜರಿ ಬರೆಯುವ ಪುಸ್ತಕ ನನ್ನ ಪಕ್ಕದಲ್ಲಿತ್ತು. ಕೊನೆಯ ಪಾಠದ ಎದುರಿನ ಜಾಗ ಖಾಲಿ ಇದೆ, ಏನೆಂದು ಬರೆಯುತ್ತೀರಿ ಎಂದು ಕೇಳಿದೆ. ಮುಂದಿನ ಮನೆಗೆ ಇನ್ನು ಎರಡು ನಿಮಿಷವಿತ್ತು. ಅವರು ಪೆನ್ನು ತೆಗೆದುಕೊಂಡು, ಬರೆಯುತ್ತಲೇ ಹೇಳಿದರು.

"ನಡೀತು ಅಂತಾನೇ ಬರೀತೀನಿ. ನಾನಿಲ್ದೇ ನಡೀತು."